ಮಿದುಳಿನ ದಫ್ತರ

ಚರಿತ್ರೆಯೆಂದರೆ ಅರಸುಮನೆತನಗಳ ಏಳುಬೀಳುಗಳ ವೃತ್ತಾಂತವೆಂದೇ ನಮ್ಮಲ್ಲಿ ಹಲವರು ಭಾವಿಸುವುದುಂಟು. ಆದರೆ ಮನುಷ್ಯನು ತಾನು ಕಂಡುದನ್ನು ಹೇಗೆ ಬರೆದಿಟ್ಟನು, ಬರೆದಿಟ್ಟುದನ್ನು ಯಾರಿಗೆ ತೋರಿದನು, ಯಾರಿಗೆ ತೋರದೆ ಹೋದನು ಎಂಬುದಕ್ಕೂ ಒಂದು ಚರಿತ್ರೆಯುಂಟು. ಅರಸರ ಚರಿತ್ರೆಯೇ ಆ ಚರಿತ್ರೆಯ ಮೇಲೆ ನಿಂತಿರುವುದೆಂದರೆ ತಪ್ಪಾಗದು.

ಇದಕ್ಕೆ ಕನ್ನಡನಾಡಿನಲ್ಲಿಯೇ ಶ್ರೇಷ್ಠವಾದ ನಿದರ್ಶನವಿದೆ. ಶಿಲಾಶಾಸನಗಳು ನಮ್ಮ ಹಳ್ಳಿಗಳಲ್ಲಿ ಸಾವಿರ ವರ್ಷಗಳಿಂದಲೂ ನಿಂತಿದ್ದವು. ದನ ಕಾಯುವ ಹುಡುಗರು ಅವುಗಳಿಗೆ ಒರಗಿ ಕುಳಿತರು. ಹೆಂಗಸರು ಅವುಗಳ ಮೇಲೆ ಬಟ್ಟೆ ಒಗೆದರು. ಕಲ್ಲಿನಲ್ಲಿ ಅಕ್ಷರವಿದ್ದರೂ ನಾಡಿಗೆ ಚರಿತ್ರೆಯಿರಲಿಲ್ಲ. ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ಸುತ್ತುತ್ತಿದ್ದ ಬಿ. ಎಲ್. ರೈಸ್ ಅವರು ಆ ಕಲ್ಲುಗಳನ್ನು ಗಮನಿಸಿ, ಪಡಿಯಚ್ಚು ತೆಗೆಯಿಸಿ, ತಾಲೂಕುವಾರು ಕ್ರಮಸಂಖ್ಯೆ ಕೊಟ್ಟು, ಮೂಲಪಾಠವನ್ನೂ ಅನುವಾದವನ್ನೂ ಒಟ್ಟಿಗೆ ಅಚ್ಚುಮಾಡಿಸತೊಡಗಿದರು. ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟ ೧೮೮೬ರಲ್ಲಿ ಹೊರಬಂದಿತು. ಅಂದಿನಿಂದ ಯಾವ ವಿದ್ವಾಂಸನಾದರೂ ತನ್ನ ಮನೆಯಲ್ಲಿಯೇ ಕುಳಿತು ಕಲ್ಲನ್ನು ಓದಬಹುದಾಯಿತು. ರೈಸರ ಓದು ತಪ್ಪೆನಿಸಿದರೆ ತಿದ್ದಬಹುದಾಯಿತು. ಕಲ್ಲು ಇದ್ದ ಸ್ಥಳದಲ್ಲಿಯೇ ಇದ್ದಿತು. ಅದರ ಅರ್ಥಮಾತ್ರ ಎಲ್ಲರದಾಯಿತು.

ಇಂತಹುದೇ ಒಂದು ಕಾರ್ಯವು ಇಂದು ಮನುಷ್ಯನ ಮಿದುಳಿನ ವಿಷಯದಲ್ಲಿ ನಡೆದಿದೆ. ತಲೆಬುರುಡೆಯೊಳಗಿನ ಈ ಶಾಸನವನ್ನು ಓದುವ ಶಾಸ್ತ್ರಕ್ಕೆ ನರವಿಜ್ಞಾನವೆಂದು ಹೆಸರು. ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಗಳು, ವಿದ್ಯುತ್ತರಂಗಗಳ ಗೆರೆಗಳು, ಸ್ಕ್ಯಾನಿನ ಚಿತ್ರಗಳು, ರೋಗಿಯು ಹೇಳಿದ ಮಾತುಗಳು, ಆತನ ವಯಸ್ಸು, ಕುಲವೃತ್ತಿ, ಓದು, ಭಾಷೆ ಇವೆಲ್ಲವೂ ಆ ಶಾಸ್ತ್ರದ ದಾಖಲೆಗಳು. ಇವನ್ನು ಕೂಡಿಟ್ಟವರಾರು, ಹಂಚಿದವರಾರು, ಹಂಚಿದುದರಿಂದ ಬಂದ ಲಾಭವೇನು, ಕೇಡೇನು ಎಂಬುದನ್ನು ಚರಿತ್ರೆಯ ಕ್ರಮದಲ್ಲಿ ನಿರೂಪಿಸುವುದು ಈ ಲೇಖನದ ಉದ್ದೇಶ. ಎರಡು ಭಾಷೆಗಳ ನಡುವೆ ಬಾಳುತ್ತಿರುವ ಕೊಯಮತ್ತೂರು ಸೀಮೆಯ ಕನ್ನಡಿಗರಿಗೆ ಇದರಲ್ಲಿ ವಿಶೇಷವಾದ ಪಾಲು ಉಂಟೆಂಬುದನ್ನು ಮುಂದೆ ಕಾಣಬಹುದು.

ಮೊದಲು ಇಟಲಿ ದೇಶಕ್ಕೆ ಹೋಗೋಣ. ಕಮಿಲ್ಲೋ ಗಾಲ್ಜಿ ಎಂಬ ವೈದ್ಯನು ಅಬ್ಬಿಯಾತೆಗ್ರಾಸ್ಸೊ ಎಂಬ ಸಣ್ಣ ಊರಿನಲ್ಲಿ, ವಾಸಿಯಾಗದ ರೋಗಿಗಳ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದನು. ಅಲ್ಲಿಯ ಅಡುಗೆಮನೆಯೊಂದನ್ನೇ ಪ್ರಯೋಗಶಾಲೆ ಮಾಡಿಕೊಂಡು, ೧೮೭೩ರಲ್ಲಿ ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಕಪ್ಪು ಬಣ್ಣ ಕಟ್ಟುವ ವಿಧಾನವನ್ನು ಕಂಡುಹಿಡಿದನು. ಅದುವರೆಗೆ ಮಿದುಳಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಸಿಕ್ಕುಗೂಡಿದ ನೂಲಿನ ಉಂಡೆಯಂತೆ ಕಾಣುತ್ತಿತ್ತು. ಗಾಲ್ಜಿಯ ಬಣ್ಣವು ಸಾವಿರಾರು ಕೋಶಗಳ ನಡುವೆ ಕೆಲವನ್ನು ಮಾತ್ರ ಆರಿಸಿ, ಕೊಂಬೆರೆಂಬೆಗಳ ಸಹಿತ ಪೂರ್ಣವಾಗಿ ತೋರಿಸಿತು. ಇಷ್ಟು ದೊಡ್ಡ ಶೋಧವು ಅನ್ಯದೇಶದ ವಿದ್ವಾಂಸರ ಕಣ್ಣಿಗೆ ಬೀಳದೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದುಹೋಯಿತು. ಅವನ ಭಾಷೆಯನ್ನು ಬಲ್ಲವರು ಕೆಲವರು. ಅವನ ಗಾಜಿನ ಪಟ್ಟಿಗಳನ್ನು ಕಣ್ಣಾರೆ ಕಂಡವರು ಇನ್ನೂ ಕೆಲವರು.

ಆ ಪಟ್ಟಿಗಳಲ್ಲಿ ಬಣ್ಣ ಕಟ್ಟುವ ವಿದ್ಯೆ ಸ್ಪೇನ್ ದೇಶದ ಸಾಂತಿಯಾಗೊ ರಮೋನ್ ಇ ಕಹಾಲನಿಗೆ ತಲುಪಿದ ಬಗೆಯನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. ಲೂಯಿಸ್ ಸಿಮಾರ್ರೊ ಎಂಬ ವೈದ್ಯನು ಪ್ಯಾರಿಸಿನಿಂದ ಮ್ಯಾಡ್ರಿಡ್ಡಿಗೆ ತಂದಿದ್ದ ಒಂದು ಮಾದರಿಯನ್ನು ೧೮೮೭ರಲ್ಲಿ ಕಹಾಲನಿಗೆ ತೋರಿಸಿದನು. ಒಬ್ಬ ಗೆಳೆಯನು ತನ್ನಲ್ಲಿದ್ದುದನ್ನು ಮುಚ್ಚಿಡದೆ ತೋರಿಸಿದ ಫಲವಾಗಿ ನರವಿಜ್ಞಾನದ ದಾರಿಯೇ ಬದಲಾಯಿತು. ಕಹಾಲನು ಆ ವಿಧಾನವನ್ನು ಇನ್ನಷ್ಟು ಪರಿಷ್ಕರಿಸಿ, ಪ್ರತಿಯೊಂದು ನರಕೋಶವೂ ಪ್ರತ್ಯೇಕವಾದುದು, ಎಲ್ಲವೂ ಕೂಡಿಕೊಂಡ ಒಂದೇ ಬಲೆಯಲ್ಲ ಎಂದು ಕಂಡನು. ಸ್ಪಾನಿಷಿನಲ್ಲಿ ಬರೆದರೆ ಓದುವವರಾರು? ೧೮೮೯ರಲ್ಲಿ ಆತನು ತನ್ನ ಗಾಜಿನ ಪಟ್ಟಿಗಳನ್ನು ಹೊತ್ತು ಬರ್ಲಿನ್ನಿನ ಅಂಗರಚನಾಶಾಸ್ತ್ರಜ್ಞರ ಸಭೆಗೆ ಹೋದನು. ಅಲ್ಲಿ ಆ ಕಾಲದ ಹಿರಿಯ ವಿದ್ವಾಂಸನಾದ ಕೋಲಿಕರನನ್ನು ಕರೆದುತಂದು ತನ್ನ ಪಟ್ಟಿಗಳನ್ನು ತೋರಿಸಿದನು. ಕೋಲಿಕರನು ಒಪ್ಪಿದನು, ಯೂರೋಪು ಒಪ್ಪಿತು. ೧೯೦೬ರಲ್ಲಿ ಗಾಲ್ಜಿ, ಕಹಾಲ್ ಇಬ್ಬರಿಗೂ ನೊಬೆಲ್ ಪಾರಿತೋಷಕ ಹಂಚಿಕೆಯಾಯಿತು. ಇಬ್ಬರ ಅಭಿಪ್ರಾಯಗಳು ಕೊನೆಯವರೆಗೂ ಕೂಡಲಿಲ್ಲ. ಆದರೂ ಇಬ್ಬರೂ ಒಂದೇ ಬಗೆಯ ಪಟ್ಟಿಯನ್ನು ನೋಡಿ ವಾದಿಸಿದ್ದರಿಂದಲೇ ಯಾರ ವಾದ ಸರಿಯೆಂದು ಮುಂದಿನವರು ನಿರ್ಣಯಿಸಲು ಸಾಧ್ಯವಾಯಿತು.

ಮುಚ್ಚಿಟ್ಟುದರ ಕಥೆಯೂ ಒಂದಿದೆ. ಜರ್ಮನಿಯ ಯೇನಾ ಪಟ್ಟಣದ ಹಾನ್ಸ್ ಬರ್ಗರ್ ೧೯೨೪ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತರಂಗಗಳನ್ನು ಮೊದಲಬಾರಿಗೆ ಕಾಗದದ ಮೇಲೆ ಮೂಡಿಸಿದನು. ಪ್ರಕಟಿಸಿದುದು ೧೯೨೯ರಲ್ಲಿ. ಐದು ವರ್ಷಗಳ ಕಾಲ ಅದು ಅವನ ಬಳಿಯಲ್ಲಿಯೇ ಇದ್ದಿತು. ಪ್ರಕಟಿಸಿದ ಮೇಲೂ ಬಹುಮಂದಿ ನಂಬಲಿಲ್ಲ. ೧೯೩೪ರಲ್ಲಿ ಇಂಗ್ಲೆಂಡಿನ ಏಡ್ರಿಯನ್ ಅದೇ ಪ್ರಯೋಗವನ್ನು ಮಾಡಿ ಅದೇ ತರಂಗವನ್ನು ಕಂಡಮೇಲೆ ಜಗತ್ತು ಅದನ್ನು ಅಂಗೀಕರಿಸಿತು. ಇಂದು ಮೂರ್ಛೆರೋಗದ ಮಗುವಿನ ತಲೆಗೆ ತಂತಿಗಳನ್ನು ಅಂಟಿಸಿ ತೆಗೆಯುವ ಗೆರೆಗಳು ಆ ಶೋಧದ ಸಂತಾನವೇ. ಒಬ್ಬನು ಕಂಡುದು ವಿಜ್ಞಾನವಾಗುವುದಿಲ್ಲ; ಇನ್ನೊಬ್ಬನೂ ಕಂಡಾಗ ಅದು ವಿಜ್ಞಾನವಾಗುತ್ತದೆ.

ಇನ್ನು ಅಳತೆಯ ಮಾತು. ಇಂಗ್ಲೆಂಡಿನ ಷೆರಿಂಗ್ಟನ್ ಎಂಬ ನರಶಾಸ್ತ್ರಜ್ಞನು ೧೯೪೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಎಚ್ಚರಗೊಳ್ಳುವ ಮಿದುಳನ್ನು ಮಾಯೆಯ ಮಗ್ಗಕ್ಕೆ ಹೋಲಿಸಿದ್ದಾನೆ. ನಮ್ಮ ಸೀಮೆಯ ದೇವಾಂಗ ಬಾಂಧವರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಹಾಸು ಎಷ್ಟು ಎಳೆ, ಹೊಕ್ಕು ಎಷ್ಟು ಎಳೆ ಎಂಬ ಲೆಕ್ಕವಿಲ್ಲದೆ ಸೀರೆ ನೇಯಲಾಗದು. ಆದರೆ ಮಿದುಳಿನ ಎಳೆಗಳನ್ನು ಎಣಿಸುವುದು ಸುಲಭವೇ? ಮಣ್ಣಿನಲ್ಲಿ ವಾಸಿಸುವ, ಒಂದು ಮಿಲಿಮೀಟರ್ ಉದ್ದದ ಸೂಕ್ಷ್ಮ ಹುಳವೊಂದರಲ್ಲಿ ೩೦೨ ನರಕೋಶಗಳು ಮಾತ್ರವಿವೆ. ಆ ೩೦೨ರ ಸಂಬಂಧಗಳನ್ನು ಬಿಡಿಸಿ ಬರೆಯಲು ಸಿಡ್ನಿ ಬ್ರೆನ್ನರ್, ಜಾನ್ ವೈಟ್ ಮತ್ತು ಸಂಗಡಿಗರಿಗೆ ಹತ್ತು ವರ್ಷಗಳಿಗೂ ಮೇಲೆ ಹಿಡಿಯಿತು. ೧೯೮೬ರಲ್ಲಿ ಅದು ಪ್ರಕಟವಾಯಿತು. ಹಣ್ಣಿನ ನೊಣದ ಮಿದುಳಿನ ಪೂರ್ಣ ನಕ್ಷೆ ೨೦೨೪ರ ಅಕ್ಟೋಬರ್ ತಿಂಗಳಲ್ಲಿ ಹೊರಬಂದಿತು. ಅದರಲ್ಲಿ ೧,೩೯,೨೫೫ ನರಕೋಶಗಳೂ ಸುಮಾರು ಐದು ಕೋಟಿ ಸಂಧಿಗಳೂ ಇವೆ. ಯಂತ್ರವು ಮೊದಲು ಗುರುತಿಸಿದುದನ್ನು ಹಲವು ದೇಶಗಳ ನೂರಾರು ಮಂದಿ ತಮ್ಮ ತಮ್ಮ ಊರಿನಲ್ಲಿಯೇ ಕುಳಿತು ತಿದ್ದಿದರು. ದಾಖಲೆಯನ್ನು ಬೀಗದಲ್ಲಿಟ್ಟಿದ್ದರೆ ಈ ಕೆಲಸ ಮುಗಿಯುತ್ತಿರಲಿಲ್ಲ. ಮನುಷ್ಯನ ಮಿದುಳಿನಲ್ಲಿರುವ ನರಕೋಶಗಳು ಸುಮಾರು ೮,೬೦೦ ಕೋಟಿ. ಇದು ಒಬ್ಬ ಪಂಡಿತನಿಂದಾಗಲಿ, ಒಂದು ದೇಶದಿಂದಾಗಲಿ ಮುಗಿಯುವ ಲೆಕ್ಕವಲ್ಲ.

ಹಂಚಬೇಕೆಂದು ಹೇಳುವುದು ಸುಲಭ, ಹಂಚುವುದು ಕಷ್ಟ. ಅಮೆರಿಕೆಯ ಡಾರ್ಟ್‌ಮತ್ ಕಾಲೇಜಿನಲ್ಲಿ ೨೦೦೦ದ ಹೊತ್ತಿಗೆ ಮಿದುಳಿನ ಸ್ಕ್ಯಾನುಗಳ ಒಂದು ಭಂಡಾರವನ್ನು ತೆರೆದರು. ಒಂದು ವಿದ್ವತ್ಪತ್ರಿಕೆಯು ತನ್ನಲ್ಲಿ ಲೇಖನ ಅಚ್ಚಾಗಬೇಕಾದರೆ ಮೂಲದಾಖಲೆಗಳನ್ನು ಆ ಭಂಡಾರಕ್ಕೆ ಒಪ್ಪಿಸಬೇಕೆಂದು ನಿಯಮ ಮಾಡಿತು. ವಿಜ್ಞಾನಿಗಳಲ್ಲಿ ಹಲವರು ಪ್ರತಿಭಟಿಸಿದರು. ಬೆವರು ಸುರಿಸಿ ಕೂಡಿಸಿದವರಿಗೆ ಮೊದಲ ಫಲ ಸಿಗಬೇಡವೇ ಎಂದರು. ಒಂದು ಯಂತ್ರದ ಚಿತ್ರವನ್ನು ಇನ್ನೊಂದು ಯಂತ್ರದ ಚಿತ್ರದೊಡನೆ ಹೋಲಿಸುವುದೆಂತು ಎಂದರು. ಸ್ಕ್ಯಾನಿಗೆ ಒಳಗಾದವರ ಗೋಪ್ಯಕ್ಕೆ ಹೊಣೆ ಯಾರು ಎಂದರು. ಈ ಮೂರು ಆಕ್ಷೇಪಗಳೂ ಹುರುಳಿಲ್ಲದವಲ್ಲ. ಮೂರಕ್ಕೂ ಉತ್ತರ ಹುಡುಕುವುದರಲ್ಲಿಯೇ ಮುಂದಿನ ಇಪ್ಪತ್ತು ವರ್ಷಗಳು ಕಳೆದವು. ೨೦೦೪ರಲ್ಲಿ ಅದೇ ದೇಶದಲ್ಲಿ ಆಲ್ಜೈಮರ್ ಎಂಬ ಮರೆವಿನ ರೋಗದ ಕುರಿತು ಆರಂಭವಾದ ದೊಡ್ಡ ಅಧ್ಯಯನವೊಂದು ತನ್ನ ದಾಖಲೆಗಳನ್ನು ಅರ್ಹರಾದ ಎಲ್ಲ ದೇಶಗಳ ಸಂಶೋಧಕರಿಗೂ ಕೊಡುವೆನೆಂದು ಮೊದಲೇ ನಿಶ್ಚಯಿಸಿಕೊಂಡಿತು. ೨೦೧೬ರಲ್ಲಿ ಎರಡು ಕಟ್ಟಳೆಗಳು ಬಂದವು. ಸ್ಕ್ಯಾನಿನ ಕಡತಗಳಿಗೆ ಎಲ್ಲರೂ ಒಂದೇ ರೀತಿಯಲ್ಲಿ ಹೆಸರಿಡಬೇಕು, ಒಂದೇ ಕ್ರಮದಲ್ಲಿ ಜೋಡಿಸಬೇಕು ಎಂಬುದು ಒಂದು. ಅದಕ್ಕೆ ‘ಬಿಡ್ಸ್’ ಎಂದು ಹೆಸರು. ದಾಖಲೆಯು ಹುಡುಕಿದರೆ ಸಿಗಬೇಕು, ಸಿಕ್ಕಿದರೆ ತೆರೆಯುವ ದಾರಿಯಿರಬೇಕು, ತೆರೆದರೆ ಇನ್ನೊಂದರೊಡನೆ ಹೊಂದಿಕೊಳ್ಳಬೇಕು, ಹೊಂದಿಕೊಂಡು ಮತ್ತೊಮ್ಮೆ ಬಳಕೆಗೆ ಬರಬೇಕು ಎಂಬುದು ಇನ್ನೊಂದು. ಅದನ್ನು ‘ಫೇರ್’ ಸೂತ್ರವೆನ್ನುತ್ತಾರೆ.

ಹೆಸರಿಡುವುದರಲ್ಲಿ ಏನು ಮಹತ್ತ್ವವೆಂದು ವಿದ್ಯಾರ್ಥಿಗಳು ಕೇಳಬಹುದು. ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆ ಆರಂಭವಾದುದು ೧೯೧೨ರಲ್ಲಿ. ಅಲ್ಲಿ ಬಾರ್ಬರ್, ವೆಂಕಟರಾಮನ್ ಮೊದಲಾದವರು ನಾಡುಕಬ್ಬನ್ನೂ ಕಾಡುಕಬ್ಬನ್ನೂ ಬೆರಸಿ ಪಡೆದ ತಳಿಯನ್ನು ೧೯೧೮ರಲ್ಲಿ ‘ಕೊ. ೨೦೫’ ಎಂಬ ಹೆಸರಿನಿಂದ ರೈತರಿಗೆ ಕೊಟ್ಟರು. ‘ಕೊ’ ಎಂದರೆ ಕೊಯಮತ್ತೂರು. ಮಂಡ್ಯದ ರೈತರು ಬಹುಕಾಲ ಬೆಳೆದ ‘ಕೊ. ೪೧೯’ ಸಹ ಇಲ್ಲಿಯದೇ. ಆ ಎರಡಕ್ಷರವೂ ಮೂರಂಕೆಯೂ ಇದ್ದರೆ, ಸಂಸ್ಥೆಯ ಪುಸ್ತಕವನ್ನು ತೆರೆದು ಅದರ ತಾಯಿ ಜಾವಾದ್ವೀಪದ ಪಿ.ಓ.ಜೆ. ೨೮೭೮, ತಂದೆ ಕೊ. ೨೯೦ ಎಂದು ಹೇಳಬಹುದು. ಅಂಕೆ ಕಳೆದುಹೋದರೆ ಅದು ಬರಿಯ ಕಬ್ಬು. ಅಗಿದು ಉಗಿಯಬಹುದು, ಅದರಿಂದ ಹೊಸ ತಳಿಯನ್ನು ತಿಳಿದು ಬೆಳೆಸಲಾಗದು. ಮಿದುಳಿನ ಚಿತ್ರಕ್ಕೂ ಈ ಮಾತು ಸಲ್ಲುತ್ತದೆ. ಯಾರ ಚಿತ್ರ, ಯಾವ ವಯಸ್ಸು, ಯಾವ ದಿನ, ಯಾವ ಯಂತ್ರ, ಎಂತಹ ಕಾಯಿಲೆ ಎಂಬ ವಿವರಣೆ ಜೊತೆಗಿಲ್ಲದಿದ್ದರೆ ಅದು ಬರಿಯ ಚಿತ್ರವೇ ಹೊರತು ದಾಖಲೆಯಲ್ಲ.

ಈಗ ನಮ್ಮ ದೇಶದ ಕಡೆಗೆ ತಿರುಗೋಣ. ಬೆಂಗಳೂರಿನಲ್ಲಿ ೧೮೪೭ರಷ್ಟು ಹಿಂದೆಯೇ ಹುಚ್ಚರ ಆಸ್ಪತ್ರೆಯೆಂದು ಒಂದು ಇದ್ದಿತು. ಮೈಸೂರು ಸಂಸ್ಥಾನದ ಸರ್ಕಾರವು ೧೯೨೫ರಲ್ಲಿ ಆ ಕಟುವಾದ ಹೆಸರನ್ನು ಬಿಡಿಸಿ ಮಾನಸಿಕ ಆಸ್ಪತ್ರೆಯೆಂದು ಕರೆಯಿತು. ೧೯೫೪ರಲ್ಲಿ ಅದರ ಜೊತೆಯಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಗಿ, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. ೧೯೭೪ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ಇಂದು ‘ನಿಮ್ಹಾನ್ಸ್’ ಎಂದು ಪ್ರಸಿದ್ಧವಾಗಿರುವ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಯಿತು. ಕರ್ನಾಟಕದಿಂದಷ್ಟೇ ಅಲ್ಲದೆ ತಮಿಳುನಾಡು, ಆಂಧ್ರ, ಕೇರಳಗಳಿಂದಲೂ ರೋಗಿಗಳು ಅಲ್ಲಿಗೆ ಹೋಗುತ್ತಾರೆ.

ಆಸ್ಪತ್ರೆಯ ದಾಖಲೆಯಲ್ಲಿ ಒಂದು ಕೊರತೆಯುಂಟು. ಬಂದವರ ಲೆಕ್ಕ ಅಲ್ಲಿ ಸಿಗುತ್ತದೆಯೇ ಹೊರತು ಬಾರದವರ ಲೆಕ್ಕ ಸಿಗುವುದಿಲ್ಲ. ಬಸ್ಸಿನ ದುಡ್ಡಿಲ್ಲದೆ ಮನೆಯಲ್ಲಿಯೇ ನರಳುವವರು ಎಷ್ಟು ಮಂದಿ? ಇದನ್ನು ತಿಳಿಯಲು ನಿಮ್ಹಾನ್ಸಿನ ಡಾ. ಗೌರಿದೇವಿ ಮತ್ತು ಸಹೋದ್ಯೋಗಿಗಳು ಬೆಂಗಳೂರು ನಗರದಲ್ಲಿಯೂ ಸುತ್ತಣ ಗ್ರಾಮಾಂತರದಲ್ಲಿಯೂ ಮನೆಮನೆಗೆ ಹೋಗಿ ವಿಚಾರಿಸಿದರು. ವಿಚಾರಿಸಿದ ಜನ ೧,೦೨,೫೫೭. ಅವರಲ್ಲಿ ನರಸಂಬಂಧವಾದ ಕಾಯಿಲೆಯುಳ್ಳವರು ೩,೨೦೬. ೨೦೦೪ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಎಲ್ಲರನ್ನೂ ಚಿಂತೆಗೀಡುಮಾಡಿದ ಸಂಗತಿಯೊಂದಿತ್ತು. ನಗರದಲ್ಲಿ ಲಕ್ಷಕ್ಕೆ ೨,೧೯೦ ಮಂದಿ ರೋಗಿಗಳಿದ್ದರೆ, ಹಳ್ಳಿಗಳಲ್ಲಿ ಲಕ್ಷಕ್ಕೆ ೪,೦೭೦. ವೈದ್ಯರೆಲ್ಲರೂ ಪಟ್ಟಣದಲ್ಲಿ, ರೋಗವು ಹಳ್ಳಿಯಲ್ಲಿ! ಬಾಗಿಲು ತಟ್ಟಿ ಬರೆದುಕೊಂಡ ದಾಖಲೆಯಿಲ್ಲದಿದ್ದರೆ ಈ ಅನ್ಯಾಯವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅದೇ ಸಂಸ್ಥೆಯಲ್ಲಿ ೧೯೯೫ರಲ್ಲಿ ಡಾ. ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ ಮನುಷ್ಯರ ಮಿದುಳಿನ ಭಂಡಾರವೊಂದು ಸ್ಥಾಪಿತವಾಯಿತು. ಬ್ಯಾಂಕಿನಲ್ಲಿ ಹಣವನ್ನಿಡುವಂತೆ ಅಲ್ಲಿ ಮಿದುಳನ್ನಿಡುತ್ತಾರೆ. ಆದುದರಿಂದ ಜನ ಅದನ್ನು ‘ಬ್ರೈನ್ ಬ್ಯಾಂಕ್’ ಎನ್ನುತ್ತಾರೆ. ತೀರಿಕೊಂಡವರ ಬಂಧುಗಳ ಒಪ್ಪಿಗೆ ಪಡೆದು, ಸಾವು ಸಂಭವಿಸಿದ ಕೆಲವು ಗಂಟೆಗಳೊಳಗಾಗಿ ಮಿದುಳನ್ನು ತೆಗೆದು, ಕೆಲವು ಭಾಗಗಳನ್ನು ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಶೀತದಲ್ಲಿಯೂ, ಕೆಲವನ್ನು ಫಾರ್ಮಲಿನ್ ದ್ರವದಲ್ಲಿಯೂ ಕಾಪಾಡುತ್ತಾರೆ. ಯಾವ ಊರಿನ ಸಂಶೋಧಕನೇ ಆಗಲಿ, ತನ್ನ ಉದ್ದೇಶವನ್ನು ತಿಳಿಸಿ ಸಮಿತಿಯ ಒಪ್ಪಿಗೆ ಪಡೆದರೆ ಅದರ ಚೂರನ್ನು ಪಡೆಯಬಹುದು. ರೋಗಿಗಳ ಮಿದುಳು ಮಾತ್ರವಲ್ಲದೆ ಅಪಘಾತದಲ್ಲಿ ಮಡಿದ ಆರೋಗ್ಯವಂತರ ಮಿದುಳೂ ಅಲ್ಲಿಗೆ ಬೇಕು. ಸರಿಯಾದುದನ್ನು ತಿಳಿಯದೆ ಕೆಟ್ಟುದನ್ನು ಅಳೆಯಲಾಗದು. ಮಗನನ್ನು ರಸ್ತೆಯಲ್ಲಿ ಕಳೆದುಕೊಂಡ ತಂದೆತಾಯಿಗಳು ಆ ದುಃಖದ ಗಳಿಗೆಯಲ್ಲಿ ಒಂದು ಕಾಗದಕ್ಕೆ ಸಹಿಹಾಕಿದ್ದರಿಂದಲೇ ಆ ಭಂಡಾರ ನಿಂತಿದೆಯೆಂಬುದನ್ನು ಮರೆಯಬಾರದು.

ಸತ್ತವರ ಮಿದುಳು ಒಂದು ಗಳಿಗೆಯ ಚಿತ್ರವನ್ನು ಕೊಡುತ್ತದೆ. ಬದುಕಿರುವವರ ಮಿದುಳು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆಂಬುದನ್ನು ತಿಳಿಯಲು ಬೇರೊಂದು ದಾರಿ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ ೨೦೧೮ರಲ್ಲಿ ಅಂತಹ ಅಧ್ಯಯನವನ್ನು ಆರಂಭಿಸಿತು. ೪೫ ವರ್ಷ ಮೇಲ್ಪಟ್ಟ ೧೦,೦೦೦ ಮಂದಿ ಗ್ರಾಮಸ್ಥರನ್ನು ಸೇರಿಸಿಕೊಂಡು, ಅವರ ನೆನಪಿನ ಶಕ್ತಿ, ರಕ್ತ, ನಡಿಗೆ, ಆಹಾರ, ಮಿದುಳಿನ ಚಿತ್ರ ಇವನ್ನು ಮತ್ತೆ ಮತ್ತೆ ಪರೀಕ್ಷಿಸಿ ಬರೆದಿಡುವುದು ಅದರ ಸಂಕಲ್ಪ. ಮಾವಿನ ತೋಟಗಳ ಆ ತಾಲೂಕಿನ ರೈತರು, ಕೂಲಿಯವರು, ಅಕ್ಷರವರಿಯದ ಅಜ್ಜಿಯರು ಜಗತ್ತಿನ ನರವಿಜ್ಞಾನಕ್ಕೆ ದಾನಿಗಳಾಗಿದ್ದಾರೆ. ಇಂತಹ ಅಧ್ಯಯನಗಳು ಹಿಂದೆ ಹೆಚ್ಚಾಗಿ ಐರೋಪ್ಯ ಸಂತತಿಯ, ಓದುಬರಹ ಬಲ್ಲ ಜನರ ಮೇಲೆಯೇ ನಡೆದಿದ್ದವು. ಅವರಿಗೆ ಹೊಂದಿದ ಅಳತೆಗೋಲು ರಾಗಿಮುದ್ದೆಯುಂಡು ಬಿಸಿಲಿನಲ್ಲಿ ದುಡಿಯುವವರಿಗೆ ಹೊಂದೀತೆಂದು ನಂಬಲು ಆಧಾರವೇನಿದೆ?

ಅದೇ ಕೇಂದ್ರವು ಮುಂದಾಳಾಗಿ, ದೇಶದ ಇಪ್ಪತ್ತು ಸಂಸ್ಥೆಗಳು ಕೂಡಿ, ೨೦೨೦ರಲ್ಲಿ ಆರಂಭಿಸಿದ ಜೀನೋಮ್ ಇಂಡಿಯಾ ಯೋಜನೆಯು ನಾನಾ ಜನವರ್ಗಗಳ ಸುಮಾರು ೧೦,೦೦೦ ಮಂದಿ ಭಾರತೀಯರ ವಂಶವಾಹಿಗಳನ್ನು ಓದಿತು. ಆ ದಾಖಲೆಗಳನ್ನು ಫರೀದಾಬಾದಿನಲ್ಲಿ ೨೦೨೨ರಲ್ಲಿ ಉದ್ಘಾಟನೆಯಾದ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿರಿಸಿ, ೨೦೨೫ರ ಜನವರಿಯಲ್ಲಿ ಸಂಶೋಧಕರಿಗೆ ನಿಯಮಬದ್ಧವಾಗಿ ತೆರೆಯಲಾಯಿತು. ನಮ್ಮ ತಮಿಳುನಾಡಿನಲ್ಲಿಯೂ ಮದರಾಸಿನ ಐ.ಐ.ಟಿ.ಯ ಸುಧಾ ಗೋಪಾಲಕೃಷ್ಣನ್ ಮಿದುಳು ಕೇಂದ್ರವು ಗರ್ಭಸ್ಥ ಶಿಶುವಿನ ಮಿದುಳನ್ನು ಅತಿ ತೆಳುವಾಗಿ ಸೀಳಿ, ೫,೧೩೨ ಸೀಳುಗಳ ಚಿತ್ರಗಳಿಂದ ‘ಧರಣಿ’ ಎಂಬ ಭೂಪಟವನ್ನು ರಚಿಸಿ, ೨೦೨೪ರ ಡಿಸೆಂಬರಿನಲ್ಲಿ ಯಾವ ಬೆಲೆಯನ್ನೂ ಕೇಳದೆ ಜಗತ್ತಿನ ಎಲ್ಲರಿಗೂ ಬಿಟ್ಟುಕೊಟ್ಟಿತು. ಗಾಲ್ಜಿಯ ವಿಧಾನ ಕಹಾಲನಿಗೆ ತಲುಪಲು ಹದಿನಾಲ್ಕು ವರ್ಷ ಹಿಡಿಯಿತು. ಧರಣಿಯ ಪಟ್ಟಿ ಅಂದೇ ಮಾಂಟ್ರಿಯಲ್ಲಿಗೂ ತಲುಪಬಹುದು, ಕೊಯಮತ್ತೂರಿಗೂ ತಲುಪಬಹುದು.

ವಾಚಕರೇ, ಈಗ ನಾವು ಮೊದಲು ಸೂಚಿಸಿದ ಭಾಷೆಯ ವಿಷಯಕ್ಕೆ ಬರೋಣ. ಹೈದರಾಬಾದಿನ ನಿಜಾಮ್ ವೈದ್ಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸುವರ್ಣ ಅಲ್ಲಾಡಿಯವರೂ ಸಂಗಡಿಗರೂ ಮರೆವಿನ ರೋಗದ ೬೪೮ ಮಂದಿಯ ದಾಖಲೆಗಳನ್ನು ಪರಿಶೀಲಿಸಿದರು. ಅವರಲ್ಲಿ ೩೯೧ ಮಂದಿ ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರು. ತೆಲುಗು, ಉರ್ದು, ಹಿಂದಿ, ಇಂಗ್ಲಿಷುಗಳ ನಡುವೆ ಬಾಳಿದವರು. ೨೦೧೩ರಲ್ಲಿ ಪ್ರಕಟವಾದ ಫಲಿತಾಂಶವಿದು: ಒಂದೇ ಭಾಷೆಯವರಿಗಿಂತ ಎರಡು ಭಾಷೆಯವರಲ್ಲಿ ರೋಗವು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲಿಯೂ ಈ ಭೇದ ಕಂಡುಬಂದಿತು. ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳೆಲ್ಲವೂ ಇದೇ ಫಲವನ್ನು ಕಂಡಿಲ್ಲ. ವಿದ್ವಾಂಸರ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಇಲ್ಲಿ ನಾವು ಗಮನಿಸಬೇಕಾದುದು ಬೇರೊಂದು. ಆ ಆಸ್ಪತ್ರೆಯ ಕಡತದಲ್ಲಿ ರೋಗಿ ಬಲ್ಲ ಭಾಷೆ ಯಾವುದೆಂದು ಬರೆಯುವ ಅಂಕಣ ಇಲ್ಲದಿದ್ದಿದ್ದರೆ, ಈ ಪ್ರಶ್ನೆಯನ್ನು ಕೇಳುವುದಕ್ಕೇ ಆಗುತ್ತಿರಲಿಲ್ಲ. ಒಂದು ಅಂಕಣದ ಬೆಲೆ ಅಷ್ಟು.

ನಮ್ಮ ಸೀಮೆಯ ಕನ್ನಡಿಗರು ತಲೆತಲಾಂತರದಿಂದ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡಿಕೊಂಡು ಬಂದವರು. ಮಗ್ಗದ ಮುಂದೆ ಕನ್ನಡ, ಸಂತೆಯಲ್ಲಿ ತಮಿಳು. ಜೋಗುಳಕ್ಕೆ ಕನ್ನಡ, ಅರ್ಜಿಗೆ ತಮಿಳು. ಇದನ್ನು ಕೆಲವರು ಹೊರೆಯೆಂದು ಭಾವಿಸಿ, ಮಕ್ಕಳಿಗೆ ಮನೆಮಾತನ್ನು ಬಿಡಿಸುತ್ತಿದ್ದಾರೆ. ಹೈದರಾಬಾದಿನ ದಾಖಲೆಯು ಹೊರೆಯೆಂಬ ಮಾತನ್ನು ಇನ್ನೊಮ್ಮೆ ಯೋಚಿಸುವಂತೆ ಮಾಡುತ್ತದೆ. ಆದರೆ ಆಸ್ಪತ್ರೆಯ ಚೀಟಿಯಲ್ಲಿ, ಶಾಲೆಯ ರಿಜಿಸ್ಟರಿನಲ್ಲಿ, ಮನೆಗೆ ಬಂದ ಗಣತಿಯವರ ಮುಂದೆ ನಮ್ಮವರು ಮಾತೃಭಾಷೆಯನ್ನು ಹೇಳದೆ ಹೋದರೆ, ಅಥವಾ ಕೇಳಿದವರು ಬರೆಯದೆ ಹೋದರೆ, ನಮ್ಮ ಈ ಎರಡು ಭಾಷೆಯ ಬಾಳು ಯಾವ ಶಾಸ್ತ್ರದ ಲೆಕ್ಕಕ್ಕೂ ಸೇರುವುದಿಲ್ಲ. ಬರೆಯದಿದ್ದುದನ್ನು ಹಂಚುವುದೆಂತು?

ಭಾಷೆಯ ಪ್ರಶ್ನೆ ಇನ್ನೊಂದು ಕಡೆಯಿಂದಲೂ ಬರುತ್ತದೆ. ಮುದುಕರ ನೆನಪನ್ನು ಪರೀಕ್ಷಿಸಲು ಪಾಶ್ಚಾತ್ಯರು ರಚಿಸಿದ ಪ್ರಶ್ನಾವಳಿಗಳಲ್ಲಿ ವಾಕ್ಯ ಬರೆಯಬೇಕು, ಅಕ್ಷರಗಳನ್ನು ಹಿಂದುಮುಂದಾಗಿ ಹೇಳಬೇಕು ಎಂಬ ಪ್ರಶ್ನೆಗಳಿವೆ. ಅಕ್ಷರವನ್ನೇ ಕಲಿಯದ ಅಜ್ಜಿ ಅದರಲ್ಲಿ ಸೋಲುವುದು ಸಹಜ; ಅದನ್ನು ಅರಳುಮರಳೆಂದು ಬರೆದುಕೊಂಡರೆ ದಾಖಲೆಯೇ ಸುಳ್ಳಾಗುತ್ತದೆ. ಸುಳ್ಳು ದಾಖಲೆಯನ್ನು ಎಷ್ಟು ಉದಾರವಾಗಿ ಹಂಚಿದರೂ ಹರಡುವುದು ಸುಳ್ಳೇ. ಇದನ್ನರಿತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳ ಈ ಐದು ಭಾಷೆಗಳಲ್ಲಿ, ನಮ್ಮ ಜನಜೀವನಕ್ಕೆ ಒಪ್ಪುವ ಪರೀಕ್ಷೆಗಳನ್ನು ಮೊದಲು ಸಿದ್ಧಪಡಿಸಿತು. ಕನ್ನಡವು ಆ ಐದರಲ್ಲಿ ಒಂದಾದುದು ಸಂತೋಷದ ಸಂಗತಿ. ಗಡಿಯಾಚೆಗಿನ ಕನ್ನಡ ಅಜ್ಜಿಗೆ ಈ ಪರೀಕ್ಷೆಯನ್ನು ಅವಳ ಮಾತಿನಲ್ಲಿಯೇ ಮಾಡುವವರು ದೊರೆಯಬೇಕಾದುದು ಮುಂದಿನ ಕೆಲಸ.

ಹಂಚಿಕೆಯ ಗುಣವನ್ನು ಹೇಳಿದ ಮೇಲೆ ಅದರ ಅಪಾಯವನ್ನು ಹೇಳದಿರುವುದು ನ್ಯಾಯವಲ್ಲ. ಅಮೆರಿಕೆಯ ಹೆನ್ರಿ ಮೊಲೈಸನ್ ಎಂಬವನಿಗೆ ೧೯೫೩ರಲ್ಲಿ ಮೂರ್ಛೆರೋಗಕ್ಕಾಗಿ ಶಸ್ತ್ರಚಿಕಿತ್ಸೆ ನಡೆದು, ಆಮೇಲೆ ಹೊಸದಾದುದು ಯಾವುದೂ ಅವನ ನೆನಪಿನಲ್ಲಿ ನಿಲ್ಲದಂತಾಯಿತು. ನೆನಪಿನ ವಿಚಾರವಾಗಿ ನಾವು ಅರಿತಿರುವುದರಲ್ಲಿ ಬಹುಭಾಗ ಅವನೊಬ್ಬನಿಂದ ಬಂದುದು. ೨೦೦೮ರಲ್ಲಿ ಅವನು ತೀರಿಕೊಳ್ಳುವವರೆಗೂ ಗ್ರಂಥಗಳಲ್ಲಿ ಅವನಿಗೆ ‘ಎಚ್. ಎಂ.’ ಎಂಬ ಎರಡಕ್ಷರದ ಹೆಸರಲ್ಲದೆ ಬೇರೆ ಹೆಸರಿರಲಿಲ್ಲ. ೨೦೦೯ರಲ್ಲಿ ಅವನ ಮಿದುಳನ್ನು ೨,೪೦೧ ಸೀಳುಗಳಾಗಿ ಸೀಳಿ ಚಿತ್ರಿಸಿದರು. ಐವತ್ತೈದು ವರ್ಷಗಳ ಕಾಲ ವಿದ್ವಾಂಸರು ಜ್ಞಾನವನ್ನು ಹಂಚಿದರು, ಹೆಸರನ್ನು ಕಾಪಾಡಿದರು. ಇಂದಿನ ಕಾಲದಲ್ಲಿ ಹೆಸರನ್ನು ಅಳಿಸಿದರಷ್ಟೇ ಸಾಲದು. ತಲೆಯ ಸ್ಕ್ಯಾನಿನಲ್ಲಿ ಮಿದುಳಿನೊಡನೆ ಮುಖದ ಆಕಾರವೂ ಸೇರಿರುತ್ತದೆ. ೨೦೧೯ರಲ್ಲಿ ಅಮೆರಿಕೆಯ ಮೇಯೊ ಕ್ಲಿನಿಕ್ಕಿನವರು ೮೪ ಮಂದಿ ಸ್ವಯಂಸೇವಕರ ಸ್ಕ್ಯಾನುಗಳಿಂದ ಮುಖಗಳನ್ನು ಮರಳಿ ರೂಪಿಸಿ, ಗಣಕಯಂತ್ರಕ್ಕೆ ಅವರ ಭಾವಚಿತ್ರಗಳನ್ನು ಕೊಟ್ಟಾಗ, ಅದು ೭೦ ಮಂದಿಯನ್ನು ಸರಿಯಾಗಿ ಗುರುತಿಸಿಬಿಟ್ಟಿತು. ಆದುದರಿಂದ ಸ್ಕ್ಯಾನನ್ನು ಹಂಚುವ ಮುನ್ನ ಮುಖದ ಭಾಗವನ್ನು ಅಳಿಸುವುದು ರೂಢಿಗೆ ಬಂದಿದೆ. ನಮ್ಮ ದೇಶದಲ್ಲಿ ೨೦೨೩ರಲ್ಲಿ ಖಾಸಗಿ ಮಾಹಿತಿಯ ರಕ್ಷಣೆಗಾಗಿ ಶಾಸನವೊಂದು ಅಂಗೀಕೃತವಾಯಿತು.

ಶಾಸನಕ್ಕಿಂತ ಮಿಗಿಲಾದುದು ವಿಶ್ವಾಸ. ಶ್ರೀನಿವಾಸಪುರದ ರೈತನು ತನ್ನ ರಕ್ತವನ್ನೂ ನೆನಪನ್ನೂ ಕೊಡುವುದು ತಾಲೂಕಿಗೆ ಬಂದು ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಮಾತಾಡಿದವರ ಮುಖವನ್ನು ನಂಬಿ. ಏತಕ್ಕಾಗಿ ಕೇಳುತ್ತಿದ್ದಾರೆ, ಯಾರ ಕೈಗೆ ಹೋಗುತ್ತದೆ, ಬೇಡವೆಂದರೆ ಬಿಡಬಹುದೇ ಎಂಬುದು ಅವನಿಗೆ ಅವನ ಭಾಷೆಯಲ್ಲಿ ತಿಳಿಯದಿದ್ದರೆ ಹೆಬ್ಬೆಟ್ಟಿನ ಗುರುತು ಒಪ್ಪಿಗೆಯಾಗಲಾರದು. ಅವನಿಂದ ಪಡೆದುದರ ಫಲವು ಔಷಧವಾಗಿಯೋ ತಿಳಿವಳಿಕೆಯಾಗಿಯೋ ಅವನ ಊರಿಗೆ ಮರಳಬೇಕು. ಹಾಗಿಲ್ಲವಾದರೆ ಹಂಚಿಕೆಯೆಂಬುದು ಮೇಲಿನವರ ನಡುವಣ ವಿನಿಮಯವಾಗಿ ಉಳಿದೀತು.

ಇದರಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾದ ನಮಗೇನು ಕೆಲಸವೆಂದು ಕೆಲವರು ಕೇಳಿಯಾರು. ದಾಖಲೆಯ ಮೊದಲ ಪಾಠ ನಡೆಯುವುದು ನಮ್ಮ ಕೈಯಲ್ಲಿಯೇ. ಮಕ್ಕಳು ಮಳೆಯನ್ನು ಅಳೆದರೆ ತೇದಿ, ಸ್ಥಳ, ಅಳೆದವರ ಹೆಸರು, ಅಳತೆಯ ಪಾತ್ರೆ ಇವನ್ನು ಬರೆಯುವಂತೆ ಕಲಿಸೋಣ. ತಪ್ಪು ಬರೆದರೆ ಉಜ್ಜಿ ಅಳಿಸದೆ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯುವಂತೆ ಕಲಿಸೋಣ. ನೋಟ್‌ಪುಸ್ತಕವನ್ನು ಪಕ್ಕದವನಿಗೆ ತೋರಿಸಿದರೆ ತನ್ನ ಅಂಕ ಕಡಿಮೆಯಾಗುವುದೆಂಬ ಭಯವನ್ನು ಬಿಡಿಸೋಣ. ಶಾಲೆಯ ರಿಜಿಸ್ಟರಿನಲ್ಲಿ ಮಾತೃಭಾಷೆಯ ಅಂಕಣ ಖಾಲಿ ಉಳಿಯದಂತೆ ನೋಡಿಕೊಳ್ಳೋಣ. ನಮ್ಮ ಸೀಮೆಯ ಹಿರಿಯರು ಆಡುವ ಕನ್ನಡವನ್ನು, ಅವರು ತಮಿಳಿಗೆ ತಿರುಗುವ ಸಂದರ್ಭಗಳನ್ನು, ಅವರ ವಯಸ್ಸು ಊರುಗಳ ಸಹಿತ ಅವರ ಒಪ್ಪಿಗೆಯಿಂದ ನಮ್ಮ ಸಂಘದವರು ಬರೆದಿಡಬಹುದು. ಅವರಲ್ಲೊಬ್ಬರು ತೀರಿಕೊಂಡರೆ ಬರೆಯದೆ ಉಳಿದುದು ಅವರೊಡನೆಯೇ ಹೋಗುತ್ತದೆ.

೧೯೩೬ರಲ್ಲಿ ಎಂ. ಎಚ್. ಕೃಷ್ಣ ಅವರು ಹಲ್ಮಿಡಿಯ ಕಲ್ಲನ್ನು ಗುರುತಿಸುವವರೆಗೆ ಆ ಊರಿನವರಿಗೆ ತಾವು ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದರ ಪಕ್ಕದಲ್ಲಿ ಬಾಳುತ್ತಿರುವೆವೆಂಬ ಅರಿವಿರಲಿಲ್ಲ. ಎರಡು ಭಾಷೆಗಳನ್ನು ಹೊತ್ತ ನಮ್ಮ ಹಿರಿಯರ ಮಿದುಳುಗಳೂ ಅಂತಹವೇ ಆಗಿರಬಹುದು. ಅವುಗಳನ್ನು ಓದುವ ವಿದ್ಯೆ ಬೆಂಗಳೂರಿನಲ್ಲಿಯೂ ಮದರಾಸಿನಲ್ಲಿಯೂ ಬೆಳೆಯುತ್ತಿದೆ. ಆ ವಿದ್ಯಾವಂತರು ನಮ್ಮ ಊರಿಗೆ ಬಂದ ದಿನ, ಕೇಳಿದ ಪ್ರಶ್ನೆಗೆ ಕನ್ನಡದಲ್ಲಿ ಸ್ಪಷ್ಟವಾಗಿ ಉತ್ತರ ಹೇಳಬಲ್ಲ, ಬರೆದುಕೊಂಡುದನ್ನು ತಮಗೂ ತೋರಿಸಿರೆಂದು ಧೈರ್ಯವಾಗಿ ಕೇಳಬಲ್ಲ ಮಕ್ಕಳನ್ನು ನಾವು ಸಿದ್ಧಪಡಿಸಬೇಕು.